ಅರಿವಿದ್ದೂ ಮೌನ: ಒಂದು ಗ್ರಂಥವಿಮರ್ಶೆ

ಸಮಾಜಶಾಸ್ತ್ರಜ್ಞೆ ಕಾರಿ ಮರೀ ನಾರ್ಗಾರ್ಡ್ ಅವರ 'ಲಿವಿಂಗ್ ಇನ್ ಡಿನಯಲ್' ಎಂಬ ಗ್ರಂಥವು 2011ರಲ್ಲಿ ಪ್ರಕಟವಾಯಿತು. ನಾರ್ವೆ ದೇಶದ ಒಂದು ಊರೇ ಅದರ ವಸ್ತು. 'ಬಿಗ್ಡಾಬಿ' ಎಂಬುದು ಗ್ರಂಥಕರ್ತ್ರಿ ಅದಕ್ಕಿತ್ತ ಕಲ್ಪಿತನಾಮ. 2000-01ರ ಚಳಿಗಾಲದಲ್ಲಿ ಅಲ್ಲಿ ಹಿಮವು ಬಹಳ ತಡವಾಗಿ ಬಿದ್ದಿತು. ಹಿಮದ ಮೇಲೆ ಜಾರುವ ಆಟಕ್ಕೆ ಯಂತ್ರದಿಂದ ಹಿಮವನ್ನು ತಯಾರಿಸಬೇಕಾಯಿತು. ಸರೋವರದ ನೀರು ಗಟ್ಟಿಯಾಗಿ ಹೆಪ್ಪುಗಟ್ಟಲಿಲ್ಲ. ಭೂಮಿಯ ತಾಪವೇರುತ್ತಿರುವುದು ಆ ಜನರಿಗೆ ತಿಳಿಯದ ವಿಷಯವೇನಲ್ಲ. ಆದರೂ ನಿತ್ಯವ್ಯವಹಾರವು ಎಂದಿನಂತೆಯೇ ನಡೆಯಿತು.

ತಿಳಿವಳಿಕೆ ಹೆಚ್ಚಿದರೆ ನಡತೆಯು ತಾನಾಗಿ ಸರಿಹೋದೀತೆಂಬ ನಂಬಿಕೆಯನ್ನು ಈ ಗ್ರಂಥವು ಅಲುಗಿಸುತ್ತದೆ. ಭಯ, ನಿಸ್ಸಹಾಯಕತೆ, ತೈಲಸಂಪತ್ತಿನಿಂದ ಬಾಳುವ ನಾಡಿನವರ ಅಪರಾಧಭಾವ, ಇವು ಮನಸ್ಸನ್ನು ಚುಚ್ಚುವುದರಿಂದ, ಯಾವ ಮಾತನ್ನು ಎಲ್ಲಿ ಆಡಬಾರದೆಂಬ ಮರ್ಯಾದೆಯೊಂದನ್ನು ಊರೇ ಕೂಡಿ ಬೆಳೆಸಿಕೊಳ್ಳುತ್ತದೆ. ಜನರನ್ನು ಮೂಢರೆಂದು ಜರೆಯದೆ ಇದನ್ನು ತೋರಿಸಿರುವುದೇ ಗ್ರಂಥದ ಹಿರಿಮೆ. ಮೌನವು ಬೆಳೆಯುವ ಬಗೆಯನ್ನು ವಿವರಿಸಿದಷ್ಟು ವಿಶದವಾಗಿ ಅದು ಮುರಿಯುವ ಬಗೆಯನ್ನು ವಿವರಿಸದಿರುವುದು ಕೊರತೆ. ಕಥೆಯು ದೂರದ ಹಿಮದೇಶದ್ದಾದರೂ, ಮಳೆ ತಪ್ಪಿತೆಂದು ದಿನವೂ ಆಡಿಕೊಂಡು ಅದರ ಕಾರಣವನ್ನು ಮಾತ್ರ ಆಡದಿರುವ ಮನೆಗಳು ಇದರಲ್ಲಿ ತಮ್ಮ ಮುಖವನ್ನೂ ಕಾಣಬಹುದು.