‘ರೋಗ್’ ಆಟದಲ್ಲಿ ಅಕ್ಷರವೂ ಚಿತ್ರವೂ

ಶಬ್ದವು ನೇರವಾಗಿ ಹೇಳಿದುದಕ್ಕಿಂತ ಹೇಳದೆ ಸೂಚಿಸಿದುದರಲ್ಲಿಯೇ ಕಾವ್ಯದ ಜೀವವಿರುವುದೆಂದು ಆನಂದವರ್ಧನನು ಧ್ವನ್ಯಾಲೋಕದಲ್ಲಿ ಸ್ಥಾಪಿಸಿದ ಮತವು ನಮ್ಮ ವಾಚಕರಿಗೆ ಪರಿಚಿತವಾದುದೇ. ಅದನ್ನು ಗಣಕಯಂತ್ರದ ಆಟವೊಂದಕ್ಕೆ ಅನ್ವಯಿಸಹೊರಡುವುದು ಕೆಲವರಿಗೆ ಅತಿಪ್ರಸಂಗವಾಗಿ ತೋರಬಹುದು. ಆದರೆ ‘ರೋಗ್’ ಎಂಬ ಆಟವು ಅಕ್ಷರರೂಪದಲ್ಲಿಯೂ ಚಿತ್ರರೂಪದಲ್ಲಿಯೂ ಇರುವುದರಿಂದ ಈ ವಿಚಾರವು ತಾನಾಗಿಯೇ ಏಳುವುದು. (ನಮ್ಮ ಕಿವಿಗೆ ವ್ಯಾಧಿಯನ್ನು ನೆನಪಿಗೆ ತರುವ ಆ ಹೆಸರಿಗೆ ಇಂಗ್ಲಿಷಿನಲ್ಲಿ ಪುಂಡನೆಂದರ್ಥ.)

1980ರ ಸುಮಾರಿಗೆ ಅಮೆರಿಕದ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಸಾಂತಾ ಕ್ರೂಸ್ ಶಾಖೆಯಲ್ಲಿ ವಿದ್ಯಾರ್ಥಿಗಳಾಗಿದ್ದ ಮೈಕೇಲ್ ಟಾಯ್, ಗ್ಲೆನ್ ವಿಚ್‌ಮನ್ ಎಂಬವರು ಇದನ್ನು ಆರಂಭಿಸಿದರು. ಬರ್ಕ್ಲಿಯ ಕೆನ್ ಆರ್ನಾಲ್ಡನು ಆಮೇಲೆ ಕೈಗೂಡಿಸಿದನು. ಪರದೆಯ ಯಾವ ಸ್ಥಾನದಲ್ಲಾದರೂ ಅಕ್ಷರವನ್ನಿರಿಸಲು ಆತನು ರಚಿಸಿದ್ದ ‘ಕರ್ಸಸ್’ ಎಂಬ ಸಾಧನವೇ ಇದಕ್ಕೆ ಆಧಾರ. ಪರದೆಯ ಅಗಲ 80 ಅಕ್ಷರ, ಎತ್ತರ 24 ಸಾಲು. ಗೀಟುಗಳೇ ಗೋಡೆ, ಚುಕ್ಕೆಗಳೇ ನೆಲ, ಕೂಡುವ ಚಿಹ್ನೆಯೇ ಬಾಗಿಲು. ಮಿಂಚಂಚೆಯ ವಿಳಾಸದ ನಡುವೆ ನಾವೀಗ ಕಾಣುವ ಸುರುಳಿಯೇ ಕಥಾನಾಯಕನು. ರೋಮನ್ ಲಿಪಿಯ 26 ದೊಡ್ಡಕ್ಷರಗಳೇ 26 ಬಗೆಯ ಜಂತುಗಳು. ನೆಲಮಾಳಿಗೆಯ ವಿನ್ಯಾಸವು ಪ್ರತಿಸಲವೂ ಹೊಸದು. ಸತ್ತವನು ಸತ್ತನೇ, ಮೊದಲಿನಿಂದ ತೊಡಗತಕ್ಕುದು.

ಇಂಥ ಆಟದಲ್ಲಿ ‘ಡಿ’ ಅಕ್ಷರವು ಕೋಣೆಯ ಮೂಲೆಯಲ್ಲಿ ಕಾಣಿಸಿತೆಂದರೆ ಆಡುವವನ ಎದೆ ನಡುಗುವುದು. ಅದು ಡ್ರ್ಯಾಗನ್, ಬೆಂಕಿಯುಗುಳುವ ಮಹಾಸರ್ಪ. ಅದರ ರೆಕ್ಕೆಯೆಷ್ಟಗಲ, ಮೈಬಣ್ಣವಾವುದು ಎಂಬುದೊಂದನ್ನೂ ಪರದೆಯು ಹೇಳದು. ಭಯವನ್ನು ಹುಟ್ಟಿಸುವುದು ಅಕ್ಷರದ ಆಕಾರವಲ್ಲ, ಹಿಂದೆ ಅದರಿಂದ ಕಳೆದುಕೊಂಡ ಪ್ರಾಣಗಳ ಸ್ಮರಣೆ. ಆಲಂಕಾರಿಕರು ಸಹೃದಯನಲ್ಲಿರಬೇಕೆಂದ ವಾಸನೆಯನ್ನು ಈ ಆಟವು ಸಾವಿನ ಮೇಲೆ ಸಾವನ್ನು ಕೊಟ್ಟು ತಾನೇ ಬೆಳೆಸುವುದು. ಪಕ್ಕದ ‘ಇ’ ಬರಿಯ ಎಮು ಹಕ್ಕಿ. ಅದಕ್ಕೆ ಯಾರೂ ಅಷ್ಟು ಹೆದರರು. ಆದರೂ ಎರಡಕ್ಕೂ ಪರದೆಯ ಮೇಲೆ ಒಂದೇ ಅಕ್ಷರದಷ್ಟು ಜಾಗ.

1986ರಲ್ಲಿ ಎಪಿಕ್ಸ್ ಸಂಸ್ಥೆಯು ಅಟಾರಿ ಎಸ್‌ಟಿ ಎಂಬ ಮನೆಬಳಕೆಯ ಗಣಕಕ್ಕೆ ಈ ಆಟವನ್ನು ತಂದಿತು. ಅದರ ಕೆಲಸದಲ್ಲಿ ವಿಚ್‌ಮನ್ನನೇ ಇದ್ದನು. ಅಕ್ಷರಗಳ ಸ್ಥಾನದಲ್ಲಿ ಬಣ್ಣದ ಚಿತ್ರಗಳು ಬಂದವು. 512 ವರ್ಣಗಳಲ್ಲಿ ಒಮ್ಮೆಗೆ 16ನ್ನು ತೋರಿಸಬಲ್ಲ ಯಂತ್ರವದು. ನೋಟಕ್ಕೆ ಸೊಗಸು ಬಂದುದು ನಿಜ. ಆದರೆ ಡ್ರ್ಯಾಗನ್ನಿಗೂ ಎಮುವಿಗೂ ಮನೆ ಒಂದೊಂದೇ. ಗಾತ್ರದ ಮಾತನ್ನೇ ಎತ್ತದಿದ್ದ ಅಕ್ಷರವು ಸುಳ್ಳಾಡಿರಲಿಲ್ಲ. ರೂಪವನ್ನು ತೋರಿಸುವೆನೆಂದು ಮುಂದೆ ಬಂದ ಚಿತ್ರವು ಗಾತ್ರದಲ್ಲಿ ಸುಳ್ಳಾಡಬೇಕಾಯಿತು. ಇದು ಚಿತ್ರಕಾರನ ದೋಷವಲ್ಲ, ವಾಚ್ಯವಾಗಹೊರಟುದರ ದೋಷ.

ಚಿತ್ರವೆಂಬುದೇ ತಕ್ಕುದಲ್ಲವೆಂದು ನನ್ನ ವಾದವಲ್ಲ. 1982ರಲ್ಲಿ ಬ್ರಿಟನ್ನಿನಲ್ಲಿ ಹೊರಬಂದ ಝಡ್‌ಎಕ್ಸ್ ಸ್ಪೆಕ್ಟ್ರಮ್ ಇನ್ನೂ ಬಡ ಯಂತ್ರ. ಎಂಟು ಚುಕ್ಕೆ ಅಗಲ, ಎಂಟು ಚುಕ್ಕೆ ಎತ್ತರದ ಒಂದೊಂದು ಮನೆಯಲ್ಲಿ ಎರಡೇ ವರ್ಣ. ಆಡುವವನು ತಾನೇ ರೂಪಿಸಬಹುದಾಗಿದ್ದ ಚಿಹ್ನೆಗಳು 21. ಚೌಕಳಿ ಕಾಗದದ ಮೇಲೆ ಚುಕ್ಕೆ ತುಂಬಿ, ಪ್ರತಿ ಸಾಲನ್ನೂ 0ರಿಂದ 255ರೊಳಗಣ ಒಂದು ಸಂಖ್ಯೆಯಾಗಿ ಎಣಿಸಿ, ಎಂಟು ಸಂಖ್ಯೆಗಳಿಂದ ಒಂದು ಜೀವಿಯನ್ನು ಕಟ್ಟಬೇಕು. ಚುಕ್ಕಿಯ ರಂಗವಲ್ಲಿಯನ್ನಿಡುವವರಿಗೆ ಆ ಲೆಕ್ಕದ ಸುಖ ತಿಳಿದೀತು. ಅಷ್ಟು ಕೆಲವೇ ಚುಕ್ಕೆಗಳಲ್ಲಿ ಚಿತ್ರವು ಮತ್ತೆ ಅಕ್ಷರದ ಸಮೀಪಕ್ಕೆ ಬಂದು, ಉಳಿದುದನ್ನು ನೋಡುವವನಿಗೇ ಬಿಡುವುದು.

ಇಂಗ್ಲಿಷರಿಯದ ಕನ್ನಡಿಗನಿಗೆ ‘ಡಿ’ ಏನನ್ನು ಧ್ವನಿಸೀತು ಎಂಬ ಆಕ್ಷೇಪವುಂಟು, ಅದು ಹಗುರವಾದುದಲ್ಲ. ಮೊದಲ ಗಳಿಗೆಯಲ್ಲಿ ಚಿತ್ರವೇ ಅವನಿಗೆ ಉಪಕಾರಿಯೆಂದು ಒಪ್ಪತಕ್ಕುದು. ಆದರೆ ‘ಎಕ್ಸ್’ ಅಕ್ಷರಕ್ಕಿರುವ ‘ಝೆರಾಕ್’ ಎಂಬ ಜಂತುವು ಇಂಗ್ಲಿಷರ ಪುರಾಣದಲ್ಲಿಯೂ ಇಲ್ಲ. ಅದನ್ನು ಅವರೂ ಏಟು ತಿಂದೇ ಕಲಿಯಬೇಕು. ಇದೇ ವಂಶದ ‘ನೆಟ್‌ಹ್ಯಾಕ್’ 1987ರಲ್ಲಿ ಹೊರಬಂದಿತು. ಬೇಕೆಂದವರಿಗೆ ಚಿತ್ರವನ್ನು ಕೊಟ್ಟರೂ ಅಕ್ಷರವನ್ನು ಅದು ಇಂದಿಗೂ ಬಿಟ್ಟಿಲ್ಲ.