ಗುರ್ಬತ್ತಿನ ಆಟಗಾರ

ಉರ್ದುವಿನ 'ಗುರ್ಬತ್' ಎಂಬ ಪದಕ್ಕೆ ಇಂದು ಎಲ್ಲರಿಗೂ ಗೊತ್ತಿರುವ ಅರ್ಥ ಬಡತನ. ಹಳೆಯ ಶಾಯರಿಯಲ್ಲಿ ಅದಕ್ಕೆ ಇನ್ನೊಂದು ಅರ್ಥವಿದೆ. ಪರದೇಶವಾಸ, ಅಂದರೆ ತನ್ನ ನೆಲ ಬಿಟ್ಟು ಅನ್ಯರ ನಡುವೆ ಬದುಕುವ ಸ್ಥಿತಿ. ಒಂದೇ ಪದ ಈ ಎರಡನ್ನೂ ಹೊತ್ತಿರುವುದು ಆಕಸ್ಮಿಕವಲ್ಲ ಎಂದು ನಮ್ಮ ಕರಾವಳಿಯ ಯಾವ ಮನೆಯವರಾದರೂ ಹೇಳಿಯಾರು. ಅಮೆರಿಕದ ಮಿಸಿಸಿಪ್ಪಿ ರಾಜ್ಯದ ಗಲ್ಫ್‌ಪೋರ್ಟ್ ಎಂಬ ಊರಿನಲ್ಲಿ 1969ರಲ್ಲಿ ಹುಟ್ಟಿದ ಕ್ರಿಸ್ ಜಾಕ್ಸನ್, ಮುಂದೆ ಮಹ್ಮೂದ್ ಅಬ್ದುಲ್ ರವೂಫ್ ಆದವರ ಬದುಕನ್ನು ಓದುವಾಗ ನನಗೆ ಮತ್ತೆ ಮತ್ತೆ ನೆನಪಾದದ್ದು ಈ ಪದ.

ಅವರ ಆತ್ಮಕಥೆ 'ಇನ್ ದಿ ಬ್ಲಿಂಕ್ ಆಫ್ ಆ್ಯನ್ ಐ' 2022ರಲ್ಲಿ ಬಂತು. ಜೊತೆಗೂಡಿ ಬರೆದವರು ನಿಕ್ ಚೈಲ್ಸ್, ಹೊರತಂದದ್ದು ಕಾಲಿನ್ ಕೆಪರ್ನಿಕ್ ಅವರ ಪ್ರಕಾಶನ. ಮರುವರ್ಷ ಜೊಸ್ಲಿನ್ ರೋಸ್ ಲಯನ್ಸ್ ನಿರ್ದೇಶನದ 'ಸ್ಟ್ಯಾಂಡ್' ಎಂಬ ಸಾಕ್ಷ್ಯಚಿತ್ರವೂ ಬಂತು. ಇವೆರಡರ ಮೂಲಕ ಮರೆತುಹೋಗಿದ್ದ ಆಟಗಾರನೊಬ್ಬನಿಗೆ ತಡವಾಗಿಯಾದರೂ ನ್ಯಾಯ ಸಿಕ್ಕಿತು ಎಂಬ ಮಾತು ಕೇಳಿಬಂತು. ಆ ಮಾತನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ.

ಬಾಲ್ಯದ ಕಥೆ ಬಹಳ ಜನರಿಗೆ ಗೊತ್ತಿರುವಂಥದ್ದೇ. ತಂದೆಯನ್ನು ಕಾಣದ, ತಾಯಿಯೊಬ್ಬಳೇ ದುಡಿದು ಸಾಕಿದ ಮೂವರು ಗಂಡುಮಕ್ಕಳಲ್ಲಿ ಒಬ್ಬ. ಅದರ ಮೇಲೆ ಟುರೆಟ್ ಸಿಂಡ್ರೋಮ್ ಎಂಬ ನರಸಂಬಂಧಿ ತೊಂದರೆ: ಮೈ ತಾನಾಗಿ ಸೆಳೆಯುವುದು, ಗಂಟಲಿನಿಂದ ಬೇಡದ ಸದ್ದು ಹೊರಡುವುದು, ಮಾಡಿದ್ದನ್ನೇ ಮಾಡಬೇಕೆನ್ನುವ ಒತ್ತಾಯ. ಹದಿಹರೆಯ ಮುಗಿಯುತ್ತ ಬರುವವರೆಗೆ ಅದಕ್ಕೊಂದು ಹೆಸರಿದೆ ಎಂಬುದೇ ಹುಡುಗನಿಗೆ ಗೊತ್ತಿರಲಿಲ್ಲ. ಬೂಟಿನ ಲೇಸನ್ನು ಕಟ್ಟಿ, ಬಿಚ್ಚಿ, ಮತ್ತೆ ಕಟ್ಟುತ್ತಿದ್ದ. ಚೆಂಡು ಉಂಗುರಕ್ಕೆ ತಾಗದೆ ಬಲೆಯೊಳಗೆ ಜಾರಬೇಕು, ಆ ಸದ್ದು ಮನಸ್ಸಿಗೆ ಸರಿ ಎನಿಸಬೇಕು. ಹಾಗೆ ಸಾಲಾಗಿ ಹತ್ತು ಬೀಳುವ ತನಕ ಮನೆಗೆ ಹೋಗುವಂತಿಲ್ಲ. ಒಂಬತ್ತನೆಯದು ಕೆಟ್ಟರೆ ಮತ್ತೆ ಒಂದರಿಂದ. ಜಗತ್ತು ಮುಂದೆ ಕೌಶಲ ಎಂದು ಕರೆದದ್ದರ ಬೇರು ಒಂದು ಯಾತನೆಯಲ್ಲಿತ್ತು. ಆತ್ಮಕಥೆ ಕೊಡುವ ಅತಿ ಬೆಲೆಬಾಳುವ ತಿಳಿವಳಿಕೆ ಇದು.

ಲೂಸಿಯಾನ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಅವರು ಆಡಿದ್ದು ಎರಡೇ ವರ್ಷ. 1988-89ರಲ್ಲಿ ಕಾಲೇಜಿನ ಮೊದಲ ವರ್ಷದ ಹುಡುಗನೊಬ್ಬ ಪಂದ್ಯಕ್ಕೆ ಸರಾಸರಿ 30.2 ಅಂಕ ಗಳಿಸಿದಾಗ ಅಮೆರಿಕ ಬೆರಗಾಯಿತು. ಮರುವರ್ಷ ಅದೇ ತಂಡಕ್ಕೆ ಶಾಕೀಲ್ ಓನೀಲ್ ಬಂದರು. ತರಬೇತುದಾರ ಡೇಲ್ ಬ್ರೌನ್ ಈ ಹುಡುಗನ ಕೈಗೆ ಮಾಲ್ಕಮ್ ಎಕ್ಸ್ ಅವರ ಆತ್ಮಕಥೆಯನ್ನಿತ್ತರು. ಬಿಳಿಯ ತರಬೇತುದಾರನೊಬ್ಬ ಕೊಟ್ಟ ಪುಸ್ತಕ ಎಲ್ಲಿಂದ ಎಲ್ಲಿಗೆ ಕರೆದೊಯ್ಯಿತು ನೋಡಿ! 1990ರಲ್ಲಿ ಡೆನ್ವರ್ ನಗೆಟ್ಸ್ ತಂಡ ದೇಶದಲ್ಲೇ ಮೂರನೆಯ ಆಯ್ಕೆಯಾಗಿ ಅವರನ್ನು ತೆಗೆದುಕೊಂಡಿತು. 1991ರಲ್ಲಿ ಅವರು ಇಸ್ಲಾಮ್ ಸ್ವೀಕರಿಸಿದರು, 1993ರಲ್ಲಿ ಹೆಸರು ಬದಲಿಸಿದರು.

ಬಾಸ್ಕೆಟ್‌ಬಾಲ್ ಅಷ್ಟಾಗಿ ನೋಡದವರಿಗೆ ಒಂದು ಮಾತು. ಪಾಯಿಂಟ್ ಗಾರ್ಡ್ ಎಂದರೆ ಚೆಂಡನ್ನು ಅಂಕಣದ ಆ ತುದಿಗೆ ತರುವವನು, ಯಾರಿಗೆ ಯಾವ ಕ್ಷಣ ಕೊಡಬೇಕೆಂದು ತೀರ್ಮಾನಿಸುವವನು. ಏಳಡಿಯವರ ನಡುವೆ ಸಾಮಾನ್ಯವಾಗಿ ಇವನೇ ಗಿಡ್ಡ. ರವೂಫ್ ಆರಡಿ ಒಂದಿಂಚು. 1993-94ರಲ್ಲಿ ಅವರು ತೆಗೆದುಕೊಂಡ 229 ಫ್ರೀ ಥ್ರೋಗಳಲ್ಲಿ 219 ಬಲೆಗೆ ಬಿದ್ದವು. ಇನ್ನೊಂದು ಬಿದ್ದಿದ್ದರೆ ಆಗಿನ ದಾಖಲೆ ಮುರಿಯುತ್ತಿತ್ತು. ಅದೇ ಋತುವಿನಲ್ಲಿ ಎಂಟನೆಯ ಶ್ರೇಯಾಂಕದ ಡೆನ್ವರ್ ಮೊದಲ ಶ್ರೇಯಾಂಕದ ಸಿಯಾಟಲ್ ತಂಡವನ್ನು ಮನೆಗೆ ಕಳುಹಿಸಿತು. 1996ರ ಫೆಬ್ರವರಿಯಲ್ಲಿ, ಆ ವರ್ಷವಿಡೀ ಹತ್ತೇ ಲೀಗ್ ಪಂದ್ಯ ಸೋತ ಮೈಕೆಲ್ ಜೋರ್ಡಾನರ ಶಿಕಾಗೊ ತಂಡವನ್ನು ಡೆನ್ವರ್ ಮಣಿಸಿದಾಗ ರವೂಫ್ ಗಳಿಸಿದ್ದು 32 ಅಂಕ.

ಇದಾಗಿ ಐದಾರು ವಾರಕ್ಕೆ ಗದ್ದಲ ಎದ್ದಿತು. ಪಂದ್ಯಕ್ಕೆ ಮುನ್ನ ರಾಷ್ಟ್ರಗೀತೆ ನುಡಿಸುವಾಗ ಅವರು ಎದ್ದು ನಿಲ್ಲುತ್ತಿರಲಿಲ್ಲ; ಒಮ್ಮೊಮ್ಮೆ ಒಳಗಿನ ಕೋಣೆಯಲ್ಲೇ ಇರುತ್ತಿದ್ದರು. ತಿಂಗಳುಗಟ್ಟಲೆ ಯಾರೂ ಗಮನಿಸದ ಇದನ್ನು ವರದಿಗಾರರು ಮಾರ್ಚ್‌ನಲ್ಲಿ ಕೇಳಿದರು, ಅವರು ಮುಚ್ಚುಮರೆಯಿಲ್ಲದೆ ಉತ್ತರಿಸಿದರು. ಆ ಬಾವುಟ ತನ್ನ ಜನರಿಗೆ ದಬ್ಬಾಳಿಕೆಯ ಗುರುತೂ ಹೌದು, ದೇವರ ಪರ ನಿಂತವನು ದಬ್ಬಾಳಿಕೆಯ ಪರ ನಿಲ್ಲಲಾರ ಎಂಬುದು ಅವರ ಮಾತಿನ ಸಾರ. ಆಟಗಾರರು ಗೌರವದಿಂದ ನಿಲ್ಲಬೇಕೆಂಬ ನಿಯಮ ತೋರಿಸಿ ಮಾರ್ಚ್ 12ರಂದು ಎನ್‌ಬಿಎ ಅವರನ್ನು ಅಮಾನತು ಮಾಡಿತು. ತಪ್ಪಿದ ಪ್ರತಿ ಪಂದ್ಯಕ್ಕೆ 31,707 ಡಾಲರ್ ಸಂಬಳ ಖೋತಾ. ಒಂದು ಪಂದ್ಯ ತಪ್ಪಿತು. ಆಮೇಲೆ ರಾಜಿಯಾಯಿತು: ನಿಲ್ಲುತ್ತೇನೆ, ಆದರೆ ತಲೆ ತಗ್ಗಿಸಿ, ಅಂಗೈಗಳನ್ನು ಮುಖದೆದುರು ಹಿಡಿದು, ನೊಂದವರಿಗಾಗಿ ದುಆ ಮಾಡುತ್ತೇನೆ. ಅದೇ ದಿನಗಳಲ್ಲಿ ಡೆನ್ವರ್‌ನ ರೇಡಿಯೊ ಕೇಂದ್ರವೊಂದರ ಮಂದಿ ಅಲ್ಲಿನ ಮಸೀದಿಯೊಳಕ್ಕೆ ನುಗ್ಗಿ ತುತ್ತೂರಿಯಲ್ಲಿ ರಾಷ್ಟ್ರಗೀತೆ ಊದಿ ನೇರಪ್ರಸಾರ ಮಾಡಿದರು. ಗೌರವ ಎಂಬ ಪದದ ಅರ್ಥ ಯಾರಿಗೆ ಗೊತ್ತಿತ್ತು, ಯಾರಿಗಿರಲಿಲ್ಲ ಎಂದು ಓದುಗರೇ ಹೇಳಲಿ.

ಇಲ್ಲಿ ನನ್ನನ್ನು ಕಾಡಿದ್ದು ಅಮೆರಿಕದ ಸಿಟ್ಟಲ್ಲ, ನಮ್ಮವರ ಅವಸರ. ಆಗಿನ ಅತಿ ದೊಡ್ಡ ಮುಸ್ಲಿಮ್ ಆಟಗಾರ ಹಕೀಮ್ ಒಲಾಜುವಾನ್, ತಾನು ಬದುಕುವ ದೇಶದ ಕಾನೂನನ್ನು ಗೌರವಿಸುವುದು ಮುಸ್ಲಿಮನ ಕರ್ತವ್ಯವೆಂಬ ಅರ್ಥದ ಮಾತಾಡಿದರು. ಎದ್ದು ನಿಲ್ಲುವುದಕ್ಕೆ ಧರ್ಮದಲ್ಲಿ ಅಡ್ಡಿಯಿಲ್ಲವೆಂದು ಹೇಳಿದವರು ಇನ್ನೂ ಇದ್ದರು. ಅವರು ಹೇಳಿದ್ದು ಸುಳ್ಳಲ್ಲ. ಒಲಾಜುವಾನ್ ನೈಜೀರಿಯದಿಂದ ಬಂದು, 1993ರಲ್ಲಿ ಅಮೆರಿಕದ ಪೌರರಾದವರು. ಆ ದೇಶ ಅವರಿಗೆ ಬಾಗಿಲು ತೆರೆದಿತ್ತು. ರವೂಫರ ಹಿರಿಯರನ್ನು ಕರೆತಂದದ್ದು ಸಂಕೋಲೆಯಲ್ಲಿ. ಇಬ್ಬರ ನಮಾಝ್ ಒಂದೇ, ಚರಿತ್ರೆ ಬೇರೆ. ಮಿಸಿಸಿಪ್ಪಿಯ ಕರಿಯನೊಬ್ಬನ ಮಾತಿಗೆ ನಾವು ಫಿಕ್ಹ್‌ನ ಪುಟ ತೆರೆದು ಉತ್ತರ ಹುಡುಕಿದೆವು. ಅಲ್ಪಸಂಖ್ಯಾತರಾಗಿ ಬದುಕುವವರಿಗೆ ಈ ಅವಸರ ಎಲ್ಲಿಂದ ಬರುತ್ತದೆಂಬುದು ನನಗೆ ಗೊತ್ತು. ನಮ್ಮಲ್ಲೊಬ್ಬ ದನಿ ಎತ್ತಿದೊಡನೆ 'ಇವನು ನಮ್ಮೆಲ್ಲರ ಪರವಾಗಿ ಮಾತಾಡಿಲ್ಲ' ಎಂದು ಹೇಳಿ ಉಸಿರು ಬಿಡುವ ಅಭ್ಯಾಸ ನನಗೂ ಇದೆ. ಹಾಗಾಗಿ ಒಲಾಜುವಾನರನ್ನು ಹಳಿಯಲಾರೆ. ಆದರೆ ಆ ದಿನಗಳಲ್ಲಿ ರವೂಫ್ ಎಷ್ಟು ಒಂಟಿಯಾಗಿದ್ದಿರಬೇಕು ಎಂಬುದನ್ನು ಮಾತ್ರ ಮರೆಯಲಾಗದು.

ಪರಿಣಾಮ ನಿಧಾನವಾಗಿ ಬಂತು. ಆ ಋತುವಿನಲ್ಲಿ ಪಂದ್ಯಕ್ಕೆ 19.2 ಅಂಕ ಗಳಿಸಿದ್ದವರನ್ನು ಡೆನ್ವರ್ ಅದೇ ಬೇಸಿಗೆಯಲ್ಲಿ ಸ್ಯಾಕ್ರಮೆಂಟೊಗೆ ದಾಟಿಸಿತು. ಅಲ್ಲಿ ಆಡುವ ಅವಕಾಶ ಕುಗ್ಗುತ್ತ ಬಂತು. 1998ರಲ್ಲಿ, 29ನೆಯ ವಯಸ್ಸಿನಲ್ಲಿ, ಎನ್‌ಬಿಎಯಲ್ಲಿ ಅವರಿಗೆ ಜಾಗವಿರಲಿಲ್ಲ. ನಡುವೆ 2000-01ರಲ್ಲಿ ವ್ಯಾಂಕೂವರ್ ತಂಡಕ್ಕೆ 41 ಪಂದ್ಯ ಆಡಿದರು, ಅಷ್ಟೇ. 2001ರಲ್ಲಿ ಮಿಸಿಸಿಪ್ಪಿಯಲ್ಲಿದ್ದ ಅವರ ಮನೆ ಸುಟ್ಟು ಬೂದಿಯಾಯಿತು.

ಇನ್ನು ನನ್ನ ತಕರಾರಿನ ವಿಷಯ. 1998ರಲ್ಲಿ ಇಸ್ತಾಂಬುಲ್‌ನ ಫೆನೆರ್ಬಾಚೆ, 2003ರಲ್ಲಿ ರಷ್ಯದ ಪೆರ್ಮ್, ಮರುವರ್ಷ ಇಟಲಿಯ ಆಡ್ರಿಯಾಟಿಕ್ ತೀರದ ಸಣ್ಣ ಊರು ರೊಸೆಟೊ, 2006ರಲ್ಲಿ ಗ್ರೀಸ್‌ನ ಆರಿಸ್, ಬಳಿಕ ಸೌದಿ ಅರೇಬಿಯ, ಕೊನೆಗೆ 2009ರಿಂದ 2011ರ ತನಕ ಜಪಾನಿನ ಕ್ಯೋಟೊ. ಹೆಚ್ಚುಕಡಿಮೆ ಹದಿಮೂರು ವರ್ಷಗಳ ಅಲೆದಾಟ, ಅಮೆರಿಕದಲ್ಲಿ ಆಡಿದ್ದಕ್ಕಿಂತ ಉದ್ದದ ಕಾಲ. ಆದರೂ ಅವರ ಬಗ್ಗೆ ಬಂದಿರುವ ಬಹುಪಾಲು ಬರಹಗಳಿಗೆ ಇದು ಊರುಗಳ ಒಂದು ಪಟ್ಟಿ ಮಾತ್ರ. ಸಾಕ್ಷ್ಯಚಿತ್ರದ ಹೆಚ್ಚಿನ ಸಮಯವನ್ನೂ ಗಲ್ಫ್‌ಪೋರ್ಟ್, ಲೂಸಿಯಾನ, ಡೆನ್ವರ್‌ಗಳೇ ಪಡೆದುಕೊಳ್ಳುತ್ತವೆ. ಎನ್‌ಬಿಎಯಿಂದ ಹೊರಬಿದ್ದದ್ದೇ ಮರಣ, ಮುಂದಿನದೆಲ್ಲ ಬರ್ಝಖ್ ಎಂಬಂತಿದೆ ಈ ಕಥನದ ಧಾಟಿ. ಅಮೆರಿಕದ ಅನ್ಯಾಯವನ್ನು ಖಂಡಿಸುವವರೂ ಅಮೆರಿಕದಾಚೆಗೆ ಬದುಕಿದೆ ಎಂದು ನಂಬದಿರುವುದು ವಿಚಿತ್ರ.

ಪರದೇಶದ ಕ್ಲಬ್ಬುಗಳಲ್ಲಿ ಆಡುವುದು ಎಂಥದ್ದು? ಒಂದು ತಂಡಕ್ಕೆ ಇಷ್ಟೇ ವಿದೇಶಿಯರು ಎಂಬ ಮಿತಿ ಇರುತ್ತದೆ. ಒಪ್ಪಂದ ಒಂದು ಋತುವಿನದು, ಕೆಲವೊಮ್ಮೆ ತಿಂಗಳುಗಳದು. ಎರಡು ಪಂದ್ಯ ಸೋತರೆ ಮೊದಲು ಕೆಲಸ ಹೋಗುವುದು ಹೊರಗಿನವನದೇ. ಎತ್ತರದ ಸೆಂಟರ್ ಆಟಗಾರ ಯಾವ ದೇಶದಲ್ಲೂ ಬುಟ್ಟಿಯ ಕೆಳಗೆ ನಿಂತು ಆಡಿಯಾನು. ಪಾಯಿಂಟ್ ಗಾರ್ಡ್ ಹಾಗಲ್ಲ, ಅವನು ತಂಡದ ನಾಲಿಗೆ. ರಷ್ಯನ್ನರ ನಡುವೆ, ಇಟಾಲಿಯನ್ನರ ನಡುವೆ, ಜಪಾನಿಯರ ನಡುವೆ ಕಣ್ಣಿನಿಂದ, ಬೆರಳಿನಿಂದ ಅವನು ಆಟ ಕಟ್ಟಬೇಕು. ಮೈಯೇ ತನ್ನ ಮಾತು ಕೇಳದ ಮನುಷ್ಯನೊಬ್ಬ ಇದನ್ನು ಮಾಡಿದ್ದು ಹೇಗೆ? ಉರಾಲ್‌ನ ಚಳಿಯಲ್ಲಿ ಫಜರ್‌ಗೆ ಎದ್ದು, ಹತ್ತು ಚೆಂಡುಗಳ ಆ ಹಳೆಯ ಲೆಕ್ಕವನ್ನು ಅವರು ಅಲ್ಲೂ ಮುಗಿಸುತ್ತಿದ್ದರೇ? ಕಥೆ ಬರೆಯುವ ನನಗೆ ಬೇಕಾದದ್ದು ಇವು. 1996ರ ಆ ಎರಡು ದಿನಗಳನ್ನು ಅಮೆರಿಕ ಸಾವಿರ ಸಲ ಹೇಳಿಕೊಂಡಿದೆ.

2016ರಲ್ಲಿ ಕೆಪರ್ನಿಕ್ ಮೊದಲು ಕುಳಿತು, ಆಮೇಲೆ ಮಂಡಿಯೂರಿದ ಮೇಲೆ ರವೂಫರಿಗೆ ಹೊಸದೊಂದು ಹೆಸರು ಸಿಕ್ಕಿತು, 'ಕೆಪರ್ನಿಕ್‌ಗಿಂತ ಮೊದಲಿನ ಕೆಪರ್ನಿಕ್'. ಅದಕ್ಕೂ ಕೆಲ ತಿಂಗಳ ಹಿಂದೆ ತರಬೇತುದಾರ ಫಿಲ್ ಜಾಕ್ಸನ್, ಸ್ಟೀಫನ್ ಕರಿಯ ಆಟ ನೋಡಿದರೆ ರವೂಫ್ ನೆನಪಾಗುತ್ತಾರೆ ಎಂದಿದ್ದರು. 2020ರಲ್ಲಿ ಲೂಸಿಯಾನ ಸ್ಟೇಟ್ ಅವರ 35ನೇ ನಂಬರಿನ ಅಂಗಿಯನ್ನು ಇನ್ನಾರಿಗೂ ಕೊಡದೆ ಗೌರವಿಸಿತು. ಒಳ್ಳೆಯದೇ. ಆದರೆ ಇನ್ನೊಬ್ಬರ ಮುನ್ನುಡಿಯಾಗಿ ಒಬ್ಬ ಮನುಷ್ಯನನ್ನು ನೆನೆಯುವುದರಲ್ಲೂ ಒಂದು ಬಗೆಯ ಮರೆವಿದೆ.

ಕ್ಯೋಟೊದ ತಂಡ ಆ ಲೀಗಿಗೆ ಆಗಷ್ಟೇ ಸೇರಿತ್ತು. ರವೂಫ್ ಅಲ್ಲಿಗೆ ಹೋದಾಗ ನಲವತ್ತು ವರ್ಷ, ಬಿಟ್ಟಾಗ ನಲವತ್ತೆರಡು. ಜೊತೆಗಾರರಲ್ಲಿ ಅನೇಕರು ಅವರು ಕಾಲೇಜಿನಲ್ಲಿ ಆಡುವಾಗ ಇನ್ನೂ ಬಾಲಕರು. ಆ ಹುಡುಗರಿಗೆ 1996 ಗೊತ್ತಿತ್ತೋ ಇಲ್ಲವೋ. ತಮಗೆ ಚೆಂಡು ಕೊಡುತ್ತಿದ್ದ ಆ ಕೈ ಗೊತ್ತಿತ್ತು. ಅವರಲ್ಲೊಬ್ಬನನ್ನು ಹುಡುಕಿ ಮಾತಾಡಿಸುವ ಪುಸ್ತಕ ಇನ್ನೂ ಬರಬೇಕಿದೆ.