ಮಗನಿಗಾಗಿ ಬಾಗದ ನಿಯಮ

ಕಾದಂಬರಿಗಳ ಲೋಕದಲ್ಲಿ ಕೆಟ್ಟ ತಂದೆಯರಿಗೆ ಬರವಿಲ್ಲ. ದಾಸ್ತೊಯೆವ್‌ಸ್ಕಿಯ ಮುದುಕ ಕರಮಜೋವ್, ಡಿಕನ್ಸನ ಡಾಂಬಿ ಎಂದು ಹೆಸರಿಸುತ್ತ ಹೋಗಬಹುದು. ಮಿತಿಮೀರಿದ ಮಮತೆಯಿಂದಲೇ ಹಾಳಾದ ತಂದೆಯೂ ಉಂಟು. ಬಾಲ್ಜಾಕನ ಗೊರಿಯೊ ಅಂಥವನು. ಒಳ್ಳೆಯ ತಂದೆಯನ್ನು ಚಿತ್ರಿಸುವುದು ಮಾತ್ರ ಬಹಳ ಕಷ್ಟದ ಕೆಲಸ. ಲೇಖಕನ ಕೈ ತುಸು ತಪ್ಪಿದರೆ ಆತ ಉಪದೇಶಕನಾಗಿಬಿಡುತ್ತಾನೆ. ಇಲ್ಲವೇ ಗೋಡೆಗೆ ತೂಗುಹಾಕಿ ಹಾರ ಹಾಕಿದ ಭಾವಚಿತ್ರವಾಗುತ್ತಾನೆ.

ಈ ಅಪಾಯವನ್ನು ಬಹುಮಟ್ಟಿಗೆ ಗೆದ್ದ ಪಾತ್ರ ಅಟಿಕಸ್ ಫಿಂಚ್‌ನದು. ಅಮೆರಿಕದ ಲೇಖಕಿ ಹಾರ್ಪರ್ ಲೀ 1960ರಲ್ಲಿ ಪ್ರಕಟಿಸಿದ ‘ಟು ಕಿಲ್ ಎ ಮಾಕಿಂಗ್‌ಬರ್ಡ್’ ಕಾದಂಬರಿಗೆ ಮರುವರ್ಷವೇ ಪುಲಿಟ್ಜರ್ ಪ್ರಶಸ್ತಿ ದೊರೆಯಿತು. 1962ರಲ್ಲಿ ಅದು ಚಲನಚಿತ್ರವಾಯಿತು. ಅಟಿಕಸ್‌ನ ಪಾತ್ರ ವಹಿಸಿದ ಗ್ರೆಗರಿ ಪೆಕ್ ಆಸ್ಕರ್ ಪಡೆದ. ಅಂದಿನಿಂದ ಅಟಿಕಸ್ ಎಂದರೆ ಜನರ ಕಣ್ಣಿಗೆ ಕಟ್ಟುವುದು ನ್ಯಾಯಾಲಯದ ದೃಶ್ಯ: ಬಿಳಿಯರ ಊರಿನಲ್ಲಿ, ಬಿಳಿಯರೇ ತುಂಬಿದ ಜ್ಯೂರಿಯ ಮುಂದೆ, ಕರಿಯನೊಬ್ಬನ ಪರವಾಗಿ ನಿಂತು ವಾದಿಸುವ ವಕೀಲ. ಆ ದೃಶ್ಯ ದೊಡ್ಡದೇ ಹೌದು. ಆದರೆ ಈ ತಂದೆಯ ನಿಜವಾದ ಪರೀಕ್ಷೆ ನಡೆಯುವುದು ನ್ಯಾಯಾಲಯದಲ್ಲಿ ಅಲ್ಲ; ಕಥೆಯ ಕೊನೆಗೆ, ಅವನ ಸ್ವಂತ ಮನೆಯ ಜಗಲಿಯಲ್ಲಿ. ಆ ರಾತ್ರಿಯನ್ನು ಸರಿಯಾಗಿ ಓದದೆ ಅಟಿಕಸ್‌ನನ್ನು ಹೊಗಳಿದರೂ ತೆಗಳಿದರೂ ಮಾತು ಅರ್ಧವಾಗುತ್ತದೆ.

ಕಥೆ ನಡೆಯುವುದು 1930ರ ದಶಕದ ಮೊದಲರ್ಧದಲ್ಲಿ, ಅಲಬಾಮಾ ಪ್ರಾಂತದ ಮೇಕೂಂಬ್ ಎಂಬ ಕಲ್ಪಿತ ಊರಿನಲ್ಲಿ. ಅಟಿಕಸ್ ಐವತ್ತರ ಅಂಚಿನ ವಿಧುರ. ಜೆಮ್ ಎಂಬ ಮಗ, ಅವನಿಗಿಂತ ನಾಲ್ಕು ವರ್ಷ ಕಿರಿಯಳಾದ ಸ್ಕೌಟ್ ಎಂಬ ಮಗಳು. ಮನೆಯನ್ನೂ ಮಕ್ಕಳನ್ನೂ ನೋಡಿಕೊಳ್ಳುವವಳು ಕರಿಯ ಹೆಂಗಸು ಕಾಲ್ಪೂರ್ನಿಯ. ಕಥೆ ಹೇಳುವವಳು ಸ್ಕೌಟ್. ಮಕ್ಕಳಿಬ್ಬರೂ ತಂದೆಯನ್ನು ಹೆಸರು ಹಿಡಿದೇ ಕರೆಯುತ್ತಾರೆ. ನಮ್ಮ ಮನೆಗಳಲ್ಲಿ ಇದು ಊಹೆಗೂ ನಿಲುಕದ ಮಾತು. ಆದರೆ ಆ ಮನೆಯಲ್ಲಿ ಅದು ಅಗೌರವದ ಗುರುತಲ್ಲ. ಮಕ್ಕಳು ಪ್ರಶ್ನೆ ಕೇಳಿದರೆ ಸುತ್ತುಬಳಸದೆ ಉತ್ತರ ಹೇಳಬೇಕೆಂಬುದು ಆ ತಂದೆಯ ಪದ್ಧತಿ. ಅತ್ಯಾಚಾರವೆಂದರೇನೆಂದು ಎಳೆಯ ಮಗಳು ಕೇಳಿದಾಗಲೂ ಆತ ಮಾತು ಹಾರಿಸುವುದಿಲ್ಲ. ಮಕ್ಕಳು ಹೆಸರು ಹಿಡಿದು ಕರೆದರೂ ಅವನ ಹಿರಿತನಕ್ಕೆ ಕುಂದು ಬರುವುದಿಲ್ಲ. ಅದು ನಿಂತಿರುವುದು ಕೊಟ್ಟ ಮಾತಿನ ಮೇಲೆ.

ಟಾಮ್ ರಾಬಿನ್ಸನ್ ಎಂಬ ಕರಿಯ ಕೂಲಿಯಾಳಿನ ಮೇಲೆ ಬಿಳಿಯ ಹುಡುಗಿ ಮಯೆಲಾ ಯೂಯೆಲ್‌ಳನ್ನು ಕೆಡಿಸಿದನೆಂಬ ಆರೋಪ ಬರುತ್ತದೆ. ಆ ಕಾಲದ ಅಲಬಾಮಾದಲ್ಲಿ ಇದು ಬರಿಯ ಕಲ್ಪನೆಯಲ್ಲ. 1931ರ ಸ್ಕಾಟ್ಸ್‌ಬರೋ ಪ್ರಕರಣದಲ್ಲಿ ಒಂಬತ್ತು ಮಂದಿ ಕರಿಯ ಹುಡುಗರು ಇಂಥದೇ ಸುಳ್ಳು ಆರೋಪಕ್ಕೆ ಸಿಕ್ಕಿ ವರ್ಷಗಟ್ಟಲೆ ಸೆರೆಯಲ್ಲಿ ಕೊಳೆತರು. ಹಾರ್ಪರ್ ಲೀ ಹುಟ್ಟಿದ್ದು 1926ರಲ್ಲಿ, ಅದೇ ಪ್ರಾಂತದ ಮನ್ರೋವಿಲ್ ಎಂಬ ಸಣ್ಣ ಊರಿನಲ್ಲಿ. ಆಕೆಯ ತಂದೆಯೂ ವಕೀಲ. ತಾನು ಬರೆದ ಲೋಕವನ್ನು ಆಕೆ ಹತ್ತಿರದಿಂದ ಕಂಡವಳು.

ಟಾಮ್‌ನ ಮೊಕದ್ದಮೆಯನ್ನು ಅಟಿಕಸ್ ತಾನಾಗಿ ಹುಡುಕಿಕೊಂಡು ಹೋಗಲಿಲ್ಲ. ನ್ಯಾಯಾಧೀಶ ಟೇಲರ್ ಅವನಿಗೆ ಒಪ್ಪಿಸಿದ. ಇಂಥದೊಂದು ಮೊಕದ್ದಮೆ ತನ್ನ ಪಾಲಿಗೆ ಬಾರದೆ ಬದುಕು ಕಳೆದೀತೆಂದು ಆಶಿಸಿದ್ದುದಾಗಿ ಆತ ತಮ್ಮನ ಮುಂದೆ ಒಪ್ಪಿಕೊಳ್ಳುತ್ತಾನೆ. ಮನ್ರೋ ಫ್ರೀಡ್‌ಮನ್ ಎಂಬ ಕಾನೂನು ಪ್ರಾಧ್ಯಾಪಕರು 1992ರಲ್ಲಿ ಇದನ್ನೇ ಹಿಡಿದು, ಈತ ವಕೀಲರಿಗೆ ಆದರ್ಶನಲ್ಲ, ಒಪ್ಪಿಸಿದ್ದಕ್ಕೆ ವಾದಿಸಿದನೇ ಹೊರತು ಸುತ್ತಣ ಅನ್ಯಾಯವನ್ನು ತಾನಾಗಿ ಎದುರಿಸಿದವನಲ್ಲ ಎಂದು ಆಕ್ಷೇಪಿಸಿದರು. ಆಕ್ಷೇಪಣೆಯಲ್ಲಿ ಹುರುಳಿದೆ. ಆದರೂ ಒಪ್ಪಿಸಿದ ಕೆಲಸವನ್ನು ಕಾಟಾಚಾರಕ್ಕೆ ಮಾಡಿ ಕೈತೊಳೆದುಕೊಳ್ಳುವುದಕ್ಕೂ ನಿಜವಾಗಿ ಮಾಡುವುದಕ್ಕೂ ಇರುವ ಅಂತರವನ್ನು ಮರೆಯಲಾಗದು. ಊರಿನ ಜನರಿಗೆ ಕೋಪ ಬಂದುದು ಆತ ಟಾಮ್‌ನ ವಕೀಲನಾದನೆಂದಲ್ಲ. ಮನಸ್ಸಿಟ್ಟು ವಾದಿಸಲು ಹೊರಟನೆಂದು.

ಈ ತಂದೆಯ ಧೈರ್ಯ ಎಂಥದೆಂಬುದನ್ನು ಲೇಖಕಿ ಎರಡು ಘಟನೆಗಳನ್ನು ಎದುರುಬದುರು ಇಟ್ಟು ತೋರಿಸುತ್ತಾಳೆ. ಬೀದಿಗೆ ಹುಚ್ಚುನಾಯಿಯೊಂದು ಬರುತ್ತದೆ. ಅಟಿಕಸ್ ಒಂದೇ ಗುಂಡಿಗೆ ಅದನ್ನು ಉರುಳಿಸುತ್ತಾನೆ. ಅಪ್ಪನಿಗೆ ವಯಸ್ಸಾಯಿತು, ಏನೂ ಕೈಲಾಗದು ಎಂದುಕೊಂಡಿದ್ದ ಮಕ್ಕಳು ಬೆರಗಾಗುತ್ತಾರೆ. ಒಂದು ಕಾಲಕ್ಕೆ ಊರಿಗೇ ಹೆಸರಾದ ಗುರಿಕಾರನಾಗಿದ್ದವನು ಆ ವಿದ್ಯೆಯನ್ನು ಮಕ್ಕಳ ಮುಂದೆ ಒಮ್ಮೆಯೂ ಆಡಿಕೊಂಡಿರಲಿಲ್ಲ. ಇದಾದ ಮೇಲೆ ಮಿಸೆಸ್ ಡ್ಯುಬೋಸ್ ಎಂಬ ಬಾಯಿಬಡುಕಿ ಮುದುಕಿಯ ಪ್ರಸಂಗ. ಅಟಿಕಸ್‌ನನ್ನು ಆಕೆ ಬೈದುದಕ್ಕೆ ರೊಚ್ಚಿಗೆದ್ದ ಜೆಮ್ ಅವಳ ಹೂಗಿಡಗಳನ್ನು ಕತ್ತರಿಸಿ ಹಾಕುತ್ತಾನೆ. ದಿನವೂ ಹೋಗಿ ಅವಳಿಗೆ ಪುಸ್ತಕ ಓದಿಹೇಳಬೇಕೆಂಬ ಶಿಕ್ಷೆಯಾಗುತ್ತದೆ. ತಂದೆ ಅದನ್ನು ತಪ್ಪಿಸುವುದಿಲ್ಲ. ಮುದುಕಿ ಸತ್ತ ಮೇಲೆ ತಿಳಿಯುತ್ತದೆ, ಆಕೆ ಮಾರ್ಫೀನಿನ ಚಟಕ್ಕೆ ಸಿಕ್ಕವಳು; ಸಾಯುವ ಮುನ್ನ ಅದರಿಂದ ಬಿಡಿಸಿಕೊಂಡೇ ಸಾಯಬೇಕೆಂದು ಹಟತೊಟ್ಟು ಗೆದ್ದವಳು. ಕೈಯಲ್ಲಿ ಬಂದೂಕು ಹಿಡಿದವನು ಧೀರನೆಂದು ಮಗ ತಿಳಿಯಬಾರದು; ಸೋಲು ಖಚಿತವೆಂದು ಗೊತ್ತಿದ್ದೂ ಕೈಹಾಕಿ ಕಡೆತನಕ ನಡೆಸುವವನು ಧೀರನೆಂದು ಅವನು ಕಾಣಬೇಕು; ಇದು ಅಟಿಕಸ್‌ನ ಆಸೆ. ಮುಂದೆ ನ್ಯಾಯಾಲಯದಲ್ಲಿ ಆತ ನಡೆದುಕೊಳ್ಳುವುದೂ ಹೀಗೆಯೇ. ಟಾಮ್‌ನ ಎಡಗೈ ಹತ್ತಿಯ ಯಂತ್ರಕ್ಕೆ ಸಿಕ್ಕಿ ಕೆಲಸಕ್ಕೆ ಬಾರದಾಗಿದೆ; ಮಯೆಲಾಳ ಮುಖದ ಬಲಗಡೆ ಪೆಟ್ಟು ಬಿದ್ದಿದೆ; ಅವಳ ತಂದೆ ಬಾಬ್ ಯೂಯೆಲ್ ಎಡಗೈಯವನು. ಸುಳ್ಳು ಯಾರದೆಂಬುದು ಮಕ್ಕಳಿಗೂ ಹೊಳೆಯುತ್ತದೆ. ಆದರೂ ಜ್ಯೂರಿ ಟಾಮ್‌ನನ್ನು ಅಪರಾಧಿಯೆನ್ನುತ್ತದೆ. ಕೆಲಕಾಲದ ಮೇಲೆ ಸೆರೆಮನೆಯಿಂದ ಓಡಲು ಹೋದ ಟಾಮ್ ಕಾವಲುಗಾರರ ಗುಂಡಿಗೆ ಬಲಿಯಾಗುತ್ತಾನೆ. ಅವನ ಮೈಯಲ್ಲಿ ಹದಿನೇಳು ಗುಂಡಿನ ಗಾಯ.

ಇನ್ನು ಆ ಕೊನೆಯ ರಾತ್ರಿ. ನ್ಯಾಯಾಲಯದಲ್ಲಿ ಗೆದ್ದರೂ ಮಾನ ಕಳೆದುಕೊಂಡ ಬಾಬ್ ಯೂಯೆಲ್, ಕತ್ತಲಲ್ಲಿ ಶಾಲೆಯಿಂದ ಮರಳುತ್ತಿದ್ದ ಮಕ್ಕಳ ಮೇಲೆ ಕತ್ತಿ ಹಿಡಿದು ಬೀಳುತ್ತಾನೆ. ಜೆಮ್‌ನ ಕೈ ಮುರಿಯುತ್ತದೆ. ಯಾರೋ ನಡುವೆ ಬಂದು ಮಕ್ಕಳನ್ನು ಉಳಿಸುತ್ತಾರೆ; ಯೂಯೆಲ್ ಸತ್ತು ಬಿದ್ದಿರುತ್ತಾನೆ. ಮನೆಯ ಜಗಲಿಯಲ್ಲಿ ಕುಳಿತು ಷೆರೀಫ್ ಹೆಕ್ ಟೇಟ್, ಆತ ಎಡವಿ ತನ್ನ ಕತ್ತಿಯ ಮೇಲೆ ತಾನೇ ಬಿದ್ದು ಸತ್ತನೆಂದು ಹೇಳುತ್ತಾನೆ. ಕೊಂದವನು ತನ್ನ ಮಗನೆಂದೇ ಅಟಿಕಸ್‌ನ ನಂಬಿಕೆ. ಮಗನನ್ನು ಉಳಿಸಲೆಂದು ಷೆರೀಫ್ ಕಥೆ ಕಟ್ಟುತ್ತಿದ್ದಾನೆಂದು ಅವನ ಎಣಿಕೆ. ಒಳಗೆ ಹದಿಮೂರು ತುಂಬದ ಹುಡುಗ ಎಚ್ಚರವಿಲ್ಲದೆ ಮಲಗಿದ್ದಾನೆ. ಸತ್ತವನು ಊರಿಗೇ ಬೇಡವಾದ ನೀಚ. ಕಾಪಾಡಲು ಕಾನೂನಿನ ಅಧಿಕಾರಿಯೇ ಮುಂದೆ ಬಂದಿದ್ದಾನೆ. ಯಾವ ತಂದೆ ಬೇಡವೆಂದಾನು?

ಅಟಿಕಸ್ ಬೇಡವೆನ್ನುತ್ತಾನೆ. ನಡೆದುದು ಎಲ್ಲರೆದುರು ತೀರ್ಮಾನವಾಗಲಿ. ಊರಲ್ಲಿ ಒಂದು ರೀತಿ ಮನೆಯಲ್ಲಿ ಇನ್ನೊಂದು ರೀತಿ ತಾನು ಬದುಕಲಾರೆ. ಇಂದು ಮುಚ್ಚಿಟ್ಟರೆ ನಾಳೆ ಮಗನ ಮುಖವನ್ನು ನೋಡಲಾರೆ. ಇದು ಅವನ ನಿಲುವು. ನ್ಯಾಯಾಲಯದಲ್ಲಿ ತೋರಿದ್ದಕ್ಕಿಂತ ದೊಡ್ಡ ಧೈರ್ಯ ಇದು. ಅಲ್ಲಿ ಪಣಕ್ಕಿಟ್ಟುದು ತನ್ನ ಹೆಸರನ್ನು. ಇಲ್ಲಿ ಇಡುತ್ತಿರುವುದು ಮಗನನ್ನು. ಕನ್ನಡದ ಓದುಗರಿಗೆ ಇಲ್ಲಿ ರಾಘವಾಂಕನ ಹರಿಶ್ಚಂದ್ರ ನೆನಪಾಗದಿರನು. ಮಗನ ಹೆಣಕ್ಕೂ ಸುಡುಗಾಡಿನ ತೆರೆಯನ್ನು ಕೇಳಿದ ಆ ತಂದೆಯ ವಂಶದವನೇ ಈ ಅಮೆರಿಕದ ವಕೀಲನೂ ಎಂದು ಅನಿಸುತ್ತದೆ.

ಆದರೆ ಕಥೆ ಅಲ್ಲಿಗೆ ನಿಲ್ಲುವುದಿಲ್ಲ. ಷೆರೀಫ್ ರಕ್ಷಿಸಲು ಹೊರಟಿರುವುದು ಜೆಮ್‌ನನ್ನಲ್ಲ. ಅದು ಅಟಿಕಸ್‌ಗೆ ನಿಧಾನವಾಗಿ ಅರಿವಾಗುತ್ತದೆ. ಮಕ್ಕಳನ್ನು ಉಳಿಸಿದವನು ನೆರೆಮನೆಯ ಆರ್ಥರ್ ರ್ಯಾಡ್ಲಿ. ಮಕ್ಕಳ ಬಾಯಲ್ಲಿ ‘ಬೂ’. ವರ್ಷಗಟ್ಟಲೆ ಮನೆಯಿಂದ ಹೊರಬಾರದ, ಬೆಳಕಿಗೂ ಜನಕ್ಕೂ ಅಂಜುವ ಜೀವ. ಅವನನ್ನು ಊರಿನ ಬಾಯಿಗೆ, ಹೊಗಳಿಕೆಯ ರೂಪದಲ್ಲೇ ಆಗಲಿ, ಎಳೆದು ತರುವುದು ಪಾಪವೆಂದು ಷೆರೀಫ್‌ನ ಮತ. ಅಟಿಕಸ್ ಬಹಳ ಹೊತ್ತು ನೆಲ ನೋಡುತ್ತ ಕೂರುತ್ತಾನೆ. ಬಳಿಕ ಷೆರೀಫ್‌ನ ಮಾತನ್ನೇ ಮಗಳ ಮುಂದಿಟ್ಟು, ಇದು ನಿನಗೆ ಅರ್ಥವಾದೀತೇ ಎಂದು ಕೇಳುತ್ತಾನೆ. ಅರ್ಥವಾಗುತ್ತದೆ ಎನ್ನುತ್ತಾಳೆ ಸ್ಕೌಟ್. ಅದು ಮಾಕಿಂಗ್‌ಬರ್ಡನ್ನು ಕೊಂದ ಹಾಗಾದೀತೆಂಬುದು ಅವಳ ಭಾವ. ನಮ್ಮ ಮಲೆನಾಡಿನ ಕಾಜಾಣದಂತೆ ಬೇರೆ ಹಕ್ಕಿಗಳ ದನಿಯನ್ನೂ ಹಾಡುವ ಹಕ್ಕಿ ಅದು. ಯಾರಿಗೂ ಕೇಡು ಮಾಡದ ಅದನ್ನು ಕೊಲ್ಲುವುದು ಪಾಪವೆಂದು ಹಿಂದೆ ಮಕ್ಕಳಿಗೆ ಹೇಳಿಕೊಟ್ಟವನು ಅಟಿಕಸ್. ತಾನು ಕಲಿಸಿದ ಪಾಠವನ್ನೇ ಆ ರಾತ್ರಿ ತಂದೆ ಮಗಳಿಂದ ಕಲಿಯಬೇಕಾಯಿತು.

ಅಟಿಕಸ್ ಹರಿಶ್ಚಂದ್ರನಿಂದ ಬೇರೆಯಾಗುವುದು ಇಲ್ಲಿ. ಸತ್ಯಸಂಧನೊಬ್ಬ ಸುಳ್ಳಿಗೆ ತಲೆಬಾಗಿದ. ಇದನ್ನು ಸೋಲೆನ್ನೋಣವೆ? ನಿಯಮ ಬಾಗಿದ್ದು ಯಾರಿಗಾಗಿ ಎಂಬುದನ್ನು ನೋಡಬೇಕು. ತನ್ನ ಕರುಳಿನ ಕುಡಿಗಾಗಿ ಎಳ್ಳಷ್ಟೂ ಬಾಗದ ನಿಯಮ, ತನಗೇನೂ ಆಗಬೇಕಿಲ್ಲದ, ಬಾಯಿಲ್ಲದ ನೆರೆಯವನಿಗಾಗಿ ಬಾಗಿತು. ಸಾಮಾನ್ಯವಾಗಿ ಲೋಕದಲ್ಲಿ ನಡೆಯುವುದು ಇದಕ್ಕೆ ತಿರುಗುಮುರುಗು: ಪರರ ಮಕ್ಕಳಿಗೆ ಕಾನೂನು, ನಮ್ಮ ಮಕ್ಕಳಿಗೆ ಶಿಫಾರಸು. ನಿಷ್ಠೆಯೆಂದರೆ ಎಂದೂ ಬಾಗದಿರುವುದೆಂದು ಹಾರ್ಪರ್ ಲೀ ಹೇಳುತ್ತಿಲ್ಲ. ಬಾಗುವಾಗ ತನ್ನ ಲಾಭದ ಕಡೆಗೆ ಬಾಗದಿರುವುದೆಂದು ಹೇಳುತ್ತಿದ್ದಾಳೆ.

ಇಷ್ಟು ಹೇಳಿದ ಮೇಲೆ ವಿಮರ್ಶಕನು ಇನ್ನೊಂದು ಮಾತನ್ನೂ ಆಡಬೇಕು. ಈ ಕರುಣೆ ಎಟುಕಿದ್ದು ಬೂ ರ್ಯಾಡ್ಲಿಗೆ; ಆತ ಬಿಳಿಯ. ಟಾಮ್ ರಾಬಿನ್ಸನ್‌ಗೆ ದೊರೆತದ್ದು ನ್ಯಾಯಾಲಯದ ಕ್ರಮಬದ್ಧ ವಿಚಾರಣೆ. ಅದರಿಂದ ಅವನು ಉಳಿಯಲಿಲ್ಲ. ಕಾನೂನು ಸರಿಯಾಗಿ ನಡೆದ ಕಡೆ ಅನ್ಯಾಯ, ಕಾನೂನನ್ನು ಮುಚ್ಚಿಟ್ಟ ಕಡೆ ನ್ಯಾಯ: ಇದು ಕಾದಂಬರಿಯ ಕಹಿಯಾದ ತಿರುಳು. ಅಟಿಕಸ್ ಅದನ್ನು ಪೂರ್ತಿ ನೋಡಿದನೆಂದು ಹೇಳಲಾಗದು. ಕೂ ಕ್ಲಕ್ಸ್ ಕ್ಲಾನ್ ಎಂಬ ಹಿಂಸಾಕೂಟವನ್ನು ಹಳೆಯ ರಾಜಕೀಯ ಸಂಘವೆಂಬಂತೆ ಮಕ್ಕಳ ಮುಂದೆ ಹಗುರವಾಗಿ ಆಡುತ್ತಾನೆ. ಮುಖಕ್ಕೆ ಉಗಿದ ಯೂಯೆಲ್ ಅದಕ್ಕಿಂತ ಮುಂದೆ ಹೋಗಲಾರನೆಂದು ನಂಬುತ್ತಾನೆ. ಎಲ್ಲರಲ್ಲೂ ಒಳ್ಳೆಯದನ್ನು ಕಾಣುವ ಅವನ ಗುಣವೇ ಅವನ ಕಣ್ಣಿಗೆ ಪೊರೆಯೂ ಹೌದು. ಟಾಮ್‌ನ ಹೆಂಡತಿ ಹೆಲೆನ್, ಮಕ್ಕಳನ್ನು ಬೆಳೆಸಿದ ಕಾಲ್ಪೂರ್ನಿಯ, ಇವರ ಒಳಗಿನ ಮಾತು ಕಾದಂಬರಿಯಲ್ಲಿ ನಮಗೆ ಕೇಳಿಸುವುದು ತೀರ ಕಡಿಮೆ.

2015ರಲ್ಲಿ, ಲೇಖಕಿ ತೀರಿಕೊಳ್ಳುವ ಹಿಂದಿನ ವರ್ಷ, ‘ಗೋ ಸೆಟ್ ಎ ವಾಚ್‌ಮನ್’ ಹೊರಬಂದಾಗ ಅನೇಕ ಓದುಗರು ಮನನೊಂದರು. ಇದು ‘ಮಾಕಿಂಗ್‌ಬರ್ಡ್’ಗಿಂತ ಮೊದಲೇ, 1950ರ ದಶಕದಲ್ಲಿ ಬರೆದಿಟ್ಟಿದ್ದ ಹಸ್ತಪ್ರತಿ. ಅದರಲ್ಲಿ ಇಪ್ಪತ್ತಾರು ವರ್ಷದ ಸ್ಕೌಟ್ ಊರಿಗೆ ಬಂದು, ನ್ಯಾಯಾಲಯದ ಅದೇ ಮೇಲಿನ ಅಂಕಣದಿಂದ ಕೆಳಗೆ ನೋಡುತ್ತಾಳೆ. ಕರಿಯರ ಸಮಾನತೆಯನ್ನು ವಿರೋಧಿಸುವ ಸಭೆಯಲ್ಲಿ ಅವಳ ತಂದೆ ಕುಳಿತಿದ್ದಾನೆ. ಯಾವ ಅಟಿಕಸ್ ನಿಜವೆಂಬ ಜಗಳ ಅಂದಿನಿಂದ ಮುಗಿದಿಲ್ಲ. ಮೊದಲ ಕರಡಿನಿಂದ ಪೂರ್ಣಕೃತಿಯ ಬೆಲೆ ಕಟ್ಟುವುದು ನ್ಯಾಯವಲ್ಲ. ಆದರೂ ಒಬ್ಬ ಕರಿಯನಿಗೆ ನ್ಯಾಯ ಸಿಗಬೇಕೆನ್ನುವುದು ಬೇರೆ, ಕರಿಯರೆಲ್ಲ ತನಗೆ ಸಮಾನರೆನ್ನುವುದು ಬೇರೆ ಎಂಬುದನ್ನು ಆ ಪುಸ್ತಕ ನೆನಪಿಸಿತು. ಮೊದಲನೆಯದಕ್ಕೆ ವೈಯಕ್ತಿಕ ನಿಷ್ಠೆ ಸಾಕು, ಎರಡನೆಯದಕ್ಕೆ ಸಾಲದು.

ಹಾಗೆಂದು ಅಟಿಕಸ್‌ನನ್ನು ಕೈಬಿಡಬೇಕಾಗಿಲ್ಲ. ದೇವರ ಪೀಠದಿಂದ ಇಳಿಸಿ ಮನುಷ್ಯನನ್ನಾಗಿ ನೋಡಿದರೆ ಸಾಕು. ಆತ ಊರನ್ನು ಬದಲಿಸಲಿಲ್ಲ, ಟಾಮ್‌ನನ್ನು ಉಳಿಸಲಿಲ್ಲ. ಮನೆಯೊಳಗೂ ಹೊರಗೂ ಒಬ್ಬನೇ ಆಗಿ ಇದ್ದ. ಮಕ್ಕಳು ಅದನ್ನು ಕಂಡರು. ಕಾದಂಬರಿ ಮುಗಿಯುವುದು ಮಗನ ಹಾಸಿಗೆಯ ಪಕ್ಕದಲ್ಲಿ. ಕೆಲವೇ ಗಂಟೆಗಳ ಹಿಂದೆ ಆ ಹುಡುಗನನ್ನು ವಿಚಾರಣೆಗೆ ಒಪ್ಪಿಸಲು ಸಿದ್ಧನಾಗಿದ್ದ ತಂದೆ, ಅವನು ಬೆಳಿಗ್ಗೆ ಕಣ್ಣುಬಿಟ್ಟಾಗ ತಾನು ಎದುರಿಗಿರಬೇಕೆಂದು ರಾತ್ರಿಯೆಲ್ಲ ಅಲ್ಲಿಯೇ ಕುಳಿತಿರುತ್ತಾನೆ.